ರನ್‌ವೇ ಹತ್ತಿರದ ಮನೆ ತಗೊಳ್ಳೋದಾ ಬೇಡವಾ? ರೀಡ್-ಹಿಲ್‌ವ್ಯೂ ಕಡೆ ಇರುವವರು ಸ್ವಲ್ಪ ಹೇಳಿ

ನಿಂಬೆಗಿಡ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವಕ್ಕೆ, ಕನಿಂಗ್‌ಹ್ಯಾಮ್ ಕೆರೆ ಪಾರ್ಕಿನ ಹತ್ತಿರ ಒಂದು ಮನೆ ನೋಡಿದ್ದೇವೆ. ಬಜೆಟ್ಟಿಗೆ ಬರುತ್ತದೆ, ಹಿತ್ತಲಲ್ಲಿ ಎರಡು ನಿಂಬೆ ಗಿಡ ಬೇರೆ ಇದೆ. ಹೆಂಡತಿಗಂತೂ ತುಂಬಾ ಹಿಡಿಸಿದೆ. ಆದರೆ ಕಾಗದದ ಕಟ್ಟಿನೊಳಗೆ ಒಂದು ನೋಟಿಸ್ ಸಿಕ್ಕಿತು. ಹತ್ತಿರ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣವಿದೆ, ಶಬ್ದ, ಅದುರು, ವಾಸನೆ ಇರಬಹುದು, ನೋಡಿಕೊಂಡು ತಗೊಳ್ಳಿ ಎಂದು ಬರೆದಿದೆ. ಏಜೆಂಟ್ ಹತ್ತಿರ ಕೇಳಿದರೆ "ಅದು ಎಲ್ಲರಿಗೂ ಕೊಡೋ ಫಾರ್ಮ್, ಚಿಕ್ಕ ಚಿಕ್ಕ ವಿಮಾನ ಅಷ್ಟೇ" ಎಂದು ಮಾತು ಮುಗಿಸಿದರು.

ಮಗಳಿಗೆ ನಾಲ್ಕು ವರ್ಷ. ತಿಪಟೂರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಒಬ್ಬರು ಸೀಸ ಅನ್ನುತ್ತಾರೆ, ಇನ್ನೊಬ್ಬರು ಏರ್‌ಪೋರ್ಟೇ ಮುಚ್ಚುತ್ತದೆ ಅನ್ನುತ್ತಾರೆ, ಮತ್ತೊಬ್ಬರು ಅದೆಲ್ಲ ರಾಜಕೀಯ ಅನ್ನುತ್ತಾರೆ. ಅಲ್ಲೇ ಇರುವವರು ಯಾರಾದರೂ ಇದ್ದರೆ ನಿಜ ಏನು ಅಂತ ಹೇಳಿ.

ರೆಕ್ಕೆಪುಕ್ಕ
ಮೊದಲೇ ಹೇಳಿಬಿಡುತ್ತೇನೆ, ನಾನು ವಿಮಾನದ ಕಡೆಯವನು. ಹಗಲು ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಸೆಸ್ನಾ ಎಂಬ ಪುಟ್ಟ ವಿಮಾನ. ಹಾರಲು ಕಲಿತದ್ದೂ ಅಲ್ಲೇ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಓದಿ.

ರೀಡ್-ಹಿಲ್‌ವ್ಯೂನಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇವೆ. ಒಂದೊಂದೂ ಸುಮಾರು 3,100 ಅಡಿ ಉದ್ದ. ನಮ್ಮ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್, ಇದು ಅದರ ಕಾಲು ಭಾಗಕ್ಕಿಂತ ಕಡಿಮೆ. ಏರ್‌ಲೈನ್ ವಿಮಾನ ಇಲ್ಲಿ ಬರುವ ಮಾತೇ ಇಲ್ಲ. ಬಹುಪಾಲು ಎರಡು, ನಾಲ್ಕು ಸೀಟಿನ ವಿಮಾನಗಳು. ಫ್ಲೈಯಿಂಗ್ ಸ್ಕೂಲುಗಳಿವೆ, ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯ ವಿಮಾನಯಾನ ವಿಭಾಗವೂ ಇಲ್ಲೇ ಇದೆ.

ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಅಂದರೆ ಇಳಿಯುವವರು ಈಸ್ಟ್‌ರಿಡ್ಜ್ ಮಾಲ್, ಟಲ್ಲಿ ರೋಡ್ ಮೇಲಿಂದ ಬರುತ್ತಾರೆ. ಎಡ ರನ್‌ವೇಯವರು ಎಡಕ್ಕೆ ಸುತ್ತುತ್ತಾರೆ, ಬಲ ರನ್‌ವೇಯವರು ಬಲಕ್ಕೆ, ಅಂದರೆ ಪೂರ್ವಕ್ಕೆ. ನೀವು ಹೇಳಿದ ಜಾಗ ಆ ಬಲ ಸುತ್ತಿನ ಕೆಳಗೇ ಬರುವ ಹಾಗಿದೆ.

ದೊಡ್ಡ ನಿಲ್ದಾಣದಲ್ಲಿ ವಿಮಾನ ಬಂತು, ಹೋಯ್ತು, ಮುಗೀತು. ಇಲ್ಲಿ ಹಾಗಲ್ಲ, ಒಂದೇ ವಿಮಾನ ಸುತ್ತುತ್ತಲೇ ಇರುತ್ತದೆ. ಕಲಿಯುವವರು ರನ್‌ವೇ ಮುಟ್ಟಿ ಹಾಗೇ ಮೇಲೇರುತ್ತಾರೆ, ಐದಾರು ನಿಮಿಷದಲ್ಲಿ ಮತ್ತೆ ಬರುತ್ತಾರೆ. ಅದಕ್ಕೆ ಟಚ್ ಅಂಡ್ ಗೋ ಅನ್ನುತ್ತೇವೆ. ಖಾಸಗಿ ಲೈಸೆನ್ಸಿಗೆ ಕಡಿಮೆ ಎಂದರೂ 40 ಗಂಟೆ ಹಾರಬೇಕು, ಅದರಲ್ಲಿ ದೊಡ್ಡ ಪಾಲು ಇಳಿಯುವುದನ್ನು ಕಲಿಯುವುದಕ್ಕೇ ಹೋಗುತ್ತದೆ.

ಸುಮ್ನೆಓದೋನು
ಎಲ್ಲರೂ ಶನಿವಾರವೇ ಯಾಕೆ ಕಲಿಯಬೇಕೋ ಗೊತ್ತಿಲ್ಲ.

ರೆಕ್ಕೆಪುಕ್ಕ
ಸೋಮವಾರ ಸ್ಟ್ಯಾಂಡ್-ಅಪ್ ಮೀಟಿಂಗ್ ಇರುತ್ತಲ್ಲ ಸರ್ 😀

ತಮಾಷೆ ಬಿಡಿ, ಕಾರಣ ಬರೀ ಹವ್ಯಾಸ ಅಲ್ಲ. 2009ರಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿತ್ತು. ಆಮೇಲೆ ಕಾನೂನು ಬದಲಾಯಿತು. 2013ರಿಂದ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗುವುದಕ್ಕೂ ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು. ಕಮರ್ಷಿಯಲ್ ಲೈಸೆನ್ಸ್ ಸಿಗುವ ಹೊತ್ತಿಗೆ ಆಗಿರುವುದು 250 ಗಂಟೆ. ಮಿಕ್ಕ ಗಂಟೆಗಳನ್ನು ಎಲ್ಲಿಂದ ತರುವುದು? ಇನ್‌ಸ್ಟ್ರಕ್ಟರ್ ಆಗಿ ಬೇರೆಯವರಿಗೆ ಕಲಿಸಿ ಗಂಟೆ ಕೂಡಿಹಾಕುತ್ತಾರೆ. ನಿಮ್ಮ ಮನೆ ಮೇಲೆ ಸುತ್ತುವ ವಿಮಾನದ ಬಲ ಸೀಟಿನಲ್ಲಿ ಕೂತವರು ನಾಳೆ ನಿಮ್ಮ ಅಪ್ಪ ಅಮ್ಮನನ್ನು ಡೆನ್ವರಿಗೆ ಕರೆದುಕೊಂಡು ಹೋಗಬಹುದು.

ಪೂರ್ವಬೆಟ್ಟ
ನಿಂಬೆಗಿಡ ಅವರೇ, ನಾನು ಆ ಭಾಗದಲ್ಲೇ ಇದ್ದೇನೆ, ಹದಿನೈದು ವರ್ಷಕ್ಕೂ ಜಾಸ್ತಿ ಆಯಿತು. ಮಕ್ಕಳು ಇಲ್ಲೇ ಬೆಳೆದರು. ರೆಕ್ಕೆಪುಕ್ಕ ಹೇಳಿದ್ದು ಸರಿ, ಆದರೆ ಕೆಳಗೆ ನಿಂತವರಿಗೆ ಅದು ಹೇಗಿರುತ್ತದೆ ಅಂತಲೂ ಕೇಳಿ.

ವಾರದ ದಿನ ಅಷ್ಟು ಗೊತ್ತಾಗುವುದಿಲ್ಲ. ಬೇಸಿಗೆಯ ಸಂಜೆ, ಶನಿವಾರ ಬೆಳಗ್ಗೆ ಮಾತ್ರ ಹಿತ್ತಲಲ್ಲಿ ಕೂತು ಊರಿಗೆ ಫೋನ್ ಮಾಡುವುದು ಕಷ್ಟ. ಶಬ್ದ ಜೋರು ಅಂತಲ್ಲ. ಹೋಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬರುತ್ತದೆ, ಅದೇ ಕಿರಿಕಿರಿ. ನನ್ನ ಅತ್ತೆಯವರು ಮೊದಲ ವಾರ ಪ್ರತಿ ಸಲ ಹೊರಗೆ ಹೋಗಿ ನೋಡುತ್ತಿದ್ದರು, ಆಮೇಲೆ ತಲೆಯೂ ಎತ್ತಲಿಲ್ಲ. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಇಲ್ಲ. ಪಕ್ಕದ ಬೀದಿಯ ಒಬ್ಬರು ಅದೇ ಕಾರಣಕ್ಕೆ ಮನೆ ಮಾರಿಕೊಂಡು ಹೋದರು.

ಶಬ್ದಕ್ಕಿಂತ ನನಗೆ ಚಿಂತೆ ಹತ್ತಿಸಿದ್ದು ಸೀಸ. ಕಾರಿನ ಪೆಟ್ರೋಲಿನಿಂದ ಸೀಸ ತೆಗೆದು ಎಷ್ಟೋ ವರ್ಷ ಆಯಿತು. ಅಮೆರಿಕದಲ್ಲಿ 1996ರಿಂದ ಇಲ್ಲ, ಭಾರತದಲ್ಲಿ 2000ದಿಂದ ಇಲ್ಲ. ಆದರೆ ಈ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಇವತ್ತಿಗೂ ಇದೆ. ಹೆಸರು ನೋಡಿ, 100 ಲೋ ಲೆಡ್, ಅಂದರೆ ಕಡಿಮೆ ಸೀಸದ್ದು! ಆ "ಲೋ" ಅಂದರೆ ಒಂದು ಗ್ಯಾಲನ್ನಿಗೆ 2 ಗ್ರಾಂವರೆಗೂ ಸೀಸ. ಈ ದೇಶದಲ್ಲಿ ಗಾಳಿಗೆ ಸೇರುವ ಸೀಸದಲ್ಲಿ ನೂರಕ್ಕೆ ಸುಮಾರು 70 ಭಾಗ ಈ ಪುಟ್ಟ ವಿಮಾನಗಳಿಂದಲೇ ಬರುತ್ತದೆ ಎಂದು ಇಪಿಎ, ಅಂದರೆ ಕೇಂದ್ರದ ಪರಿಸರ ಇಲಾಖೆ, ಹೇಳುತ್ತದೆ.

2021ರ ಆಗಸ್ಟ್‌ನಲ್ಲಿ ಕೌಂಟಿ (ಇಲ್ಲಿನ ಜಿಲ್ಲಾಡಳಿತ, ನಿಲ್ದಾಣ ಅವರದೇ) ಒಂದು ಅಧ್ಯಯನದ ವರದಿ ಹೊರಗೆ ತಂದಿತು. 2011ರಿಂದ 2020ರವರೆಗೆ ಈ ಸುತ್ತಿನ ಮಕ್ಕಳ ಸುಮಾರು 17,000 ರಕ್ತ ಪರೀಕ್ಷೆಗಳನ್ನು ನೋಡಿದ್ದರು. ನಿಲ್ದಾಣದಿಂದ ಅರ್ಧ ಮೈಲಿ ಒಳಗೆ ಇರುವ ಮಕ್ಕಳ ರಕ್ತದಲ್ಲಿ, ಅರ್ಧದಿಂದ ಒಂದೂವರೆ ಮೈಲಿ ದೂರದ ಮಕ್ಕಳಿಗಿಂತ ಸೀಸ ಜಾಸ್ತಿ ಇತ್ತು. ಗಾಳಿ ಬೀಸುವ ಕಡೆ, ಅಂದರೆ ಪೂರ್ವಕ್ಕೆ ಇರುವವರಲ್ಲಿ ಇನ್ನೂ ಜಾಸ್ತಿ. ಅದು ಓದಿದ ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಸುಮ್ನೆಓದೋನು
ಜಾಸ್ತಿ ಅಂದರೆ ಎಷ್ಟು ಜಾಸ್ತಿ ಅಕ್ಕ? ನಾನು ಆ ವರದಿ ನೋಡಿದ್ದೇನೆ. ಡೆಸಿಲೀಟರಿಗೆ 0.2 ಮೈಕ್ರೋಗ್ರಾಂ, ಗಾಳಿ ಬೀಸುವ ಕಡೆ 0.4. ಡಾಕ್ಟರು ತಲೆ ಕೆಡಿಸಿಕೊಳ್ಳುವುದು 3.5 ದಾಟಿದರೆ. ಇನ್ನೊಂದು ವಿಷಯ, ನಿಲ್ದಾಣ ಮುಚ್ಚಬೇಕು ಅಂತ ಮೊದಲೇ ಮನಸ್ಸು ಮಾಡಿದ್ದ ಕೌಂಟಿಯೇ ದುಡ್ಡು ಕೊಟ್ಟು ಮಾಡಿಸಿದ ಅಧ್ಯಯನ ಅದು.

ಪೂರ್ವಬೆಟ್ಟ
ದುಡ್ಡು ಯಾರು ಕೊಟ್ಟರು ಅಂತ ಕೇಳುವುದು ತಪ್ಪಲ್ಲ. ಆದರೆ ಅದೇ ಕೆಲಸ 2023ರಲ್ಲಿ ಪಿಎನ್‌ಎಎಸ್ ನೆಕ್ಸಸ್ ಪತ್ರಿಕೆಯಲ್ಲಿ, ಬೇರೆ ವಿಜ್ಞಾನಿಗಳು ಪರಿಶೀಲಿಸಿದ ಮೇಲೆ ಪ್ರಕಟವಾಯಿತು. ಕೋವಿಡ್ ಶುರುವಾದಾಗ ಹಾರಾಟ ಇಳಿಯಿತಲ್ಲ, ಆಗ ಮಕ್ಕಳ ರಕ್ತದ ಸೀಸವೂ ಇಳಿದಿತ್ತು ಎಂಬುದು ಅದರಲ್ಲಿದೆ. ಹಳೇ ಮನೆಯ ಬಣ್ಣ, ಹೆದ್ದಾರಿ ಪಕ್ಕದ ಮಣ್ಣು, ಇವು ಒಂದೇ ತಿಂಗಳಲ್ಲಿ ಮಾಯವಾಗಲು ಸಾಧ್ಯವಾ?

0.4 ಅನ್ನುವುದು ಸರಾಸರಿ. 3.5 ಅನ್ನುವುದು "ಇಲ್ಲಿಂದಾಚೆ ಡಾಕ್ಟರು ಕೈ ಹಾಕಬೇಕು" ಅನ್ನುವ ಗೆರೆ. ಅದರ ಕೆಳಗೆ ಏನೂ ಆಗುವುದಿಲ್ಲ ಅಂತ ಯಾವ ಆರೋಗ್ಯ ಇಲಾಖೆಯೂ ಹೇಳಿಲ್ಲ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ ಅನ್ನುತ್ತಾರೆ.

ಕಾಗದಪತ್ರ
ಇಬ್ಬರೂ 2021ಕ್ಕೇ ನಿಂತುಬಿಟ್ಟಿದ್ದೀರಿ. ಆಮೇಲೆ ನಡೆದದ್ದೇ ಮುಖ್ಯ.

ಆ ವರದಿ ಬಂದ ತಿಂಗಳೇ ಕೌಂಟಿಯ ಮೇಲ್ವಿಚಾರಕರ ಮಂಡಳಿ ಒಮ್ಮತದಿಂದ ತೀರ್ಮಾನ ಮಾಡಿತು. 2022ರ ಜನವರಿ 1ರಿಂದ ರೀಡ್-ಹಿಲ್‌ವ್ಯೂ, ಕೌಂಟಿಯ ಇನ್ನೊಂದು ನಿಲ್ದಾಣವಾದ ಸ್ಯಾನ್ ಮಾರ್ಟಿನ್, ಎರಡರಲ್ಲೂ ಸೀಸದ ಇಂಧನ ಮಾರುವುದನ್ನು ನಿಲ್ಲಿಸಿದರು. ಬದಲಿಗೆ ಯುಎಲ್94 ಎಂಬ ಸೀಸವಿಲ್ಲದ ಇಂಧನ ಇಟ್ಟರು. ಗಮನಿಸಿ, ನಿಲ್ಲಿಸಿದ್ದು ಮಾರಾಟ. ಹಾರಾಟ ಅಲ್ಲ. ಬೇರೆ ಊರಲ್ಲಿ ಸೀಸದ ಇಂಧನ ತುಂಬಿಸಿಕೊಂಡು ಬಂದು ಇಲ್ಲಿ ಸುತ್ತು ಹಾಕಿದರೆ ಕೌಂಟಿ ಏನೂ ಮಾಡುವ ಹಾಗಿಲ್ಲ.

ಅಷ್ಟಕ್ಕೇ ಎಫ್‌ಎಎ, ಅಂದರೆ ಕೇಂದ್ರದ ವಿಮಾನಯಾನ ಇಲಾಖೆ, ಕೌಂಟಿಯ ಮೇಲೆ ತನಿಖೆ ಶುರು ಮಾಡಿತು. ನಿಮ್ಮ ನಿಲ್ದಾಣದಲ್ಲಿ ಏನು ಮಾರಬೇಕು ಅಂತ ನಿರ್ಧರಿಸಲೂ ಬಿಡುವುದಿಲ್ಲವಾ ಅಂತ ನೀವು ಕೇಳಬಹುದು. ಕಾರಣ ಹಳೇ ದುಡ್ಡು. ರನ್‌ವೇ ರಿಪೇರಿ, ದೀಪ, ಬೇಲಿ ಇಂಥದಕ್ಕೆಲ್ಲ ಕೇಂದ್ರ ಸರ್ಕಾರ ಅನುದಾನ ಕೊಡುತ್ತದೆ. ಅದನ್ನು ತಗೊಂಡರೆ ಸಾಮಾನ್ಯವಾಗಿ 20 ವರ್ಷ ಷರತ್ತು. ನಿಲ್ದಾಣ ತೆರೆದಿಡಬೇಕು, ಯಾವ ಬಗೆಯ ವಿಮಾನಕ್ಕೂ ಭೇದ ಮಾಡಬಾರದು, ನಿಲ್ದಾಣದ ಆದಾಯ ನಿಲ್ದಾಣಕ್ಕೇ ಖರ್ಚಾಗಬೇಕು. ಕೌಂಟಿ ಕೊನೆಯ ಅನುದಾನ ತಗೊಂಡದ್ದು 2011ರಲ್ಲಿ. ಆ ಷರತ್ತು 2031ಕ್ಕೆ ಮುಗಿಯುತ್ತದೆ. ಆಮೇಲೆ ಬೇಕಂತಲೇ ತಗೊಂಡಿಲ್ಲ.

ನಿಂಬೆಗಿಡ ಅವರೇ, ನಿಮ್ಮ ಏಜೆಂಟ್ ಹೇಳಬೇಕಾಗಿದ್ದ ಇಸವಿ ಇದು, 2031.

ನಿಂಬೆಗಿಡ
ಅಂದರೆ 2031ಕ್ಕೆ ಮುಚ್ಚುತ್ತದೆ ಅಂತಲೇ?

ಕಾಗದಪತ್ರ
ಮುಚ್ಚಲು ದಾರಿ ತೆರೆಯುತ್ತದೆ, ಅಷ್ಟೇ. ಸಾಂಟಾ ಮೋನಿಕಾ ನಿಲ್ದಾಣ ನೋಡಿ. ದಶಕಗಟ್ಟಲೆ ಕೋರ್ಟಿಗೆ ಓಡಾಡಿ, 2017ರಲ್ಲಿ ಎಫ್‌ಎಎ ಜೊತೆ ಒಪ್ಪಂದ ಮಾಡಿಕೊಂಡರು. ರನ್‌ವೇಯನ್ನು 3,500 ಅಡಿಗೆ ಮೊಟಕು ಮಾಡಿದರು, ಜೆಟ್‌ಗಳು ಬಹುಪಾಲು ನಿಂತವು. 2028ರ ಡಿಸೆಂಬರ್ 31ರ ನಂತರ ಮುಚ್ಚಬಹುದು ಎಂದಾಯಿತು. ಇನ್ನೊಂದು ದಾರಿ ಶಿಕಾಗೋದ್ದು. 2003ರ ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ ಮೇಯರ್ ಡೇಲಿ ಬುಲ್ಡೋಜರ್ ಕಳಿಸಿ ಮೇಗ್ಸ್ ಫೀಲ್ಡ್ ರನ್‌ವೇ ಮೇಲೆ ದೊಡ್ಡ ದೊಡ್ಡ ಗುಣಿಸು ಗುರುತು ತೋಡಿಸಿಬಿಟ್ಟರು. ಬೆಳಗ್ಗೆ ನೋಡಿದರೆ ನಿಂತಿದ್ದ ವಿಮಾನಗಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಎಫ್‌ಎಎ ಹಾಕಿದ ದಂಡ 33,000 ಡಾಲರ್. ಅನುದಾನದ 10 ಲಕ್ಷ ಡಾಲರನ್ನೂ ವಾಪಸ್ ಕೊಟ್ಟರು. ಮೇಯರ್‌ಗೆ ಅದು ಚಿಲ್ಲರೆ ಲೆಕ್ಕ.

ಸುಮ್ನೆಓದೋನು
ನಮ್ಮೂರಲ್ಲಿ ಒತ್ತುವರಿ ತೆರವು ಮಾಡುವವರಿಗೆ ಈ ಕಥೆ ಹೇಳಬೇಡಿ.

ರೆಕ್ಕೆಪುಕ್ಕ
ಕಾಗದಪತ್ರ ಸರ್, ಇಂಧನದ ವಿಷಯದಲ್ಲಿ ಒಂದು ಮುಖ್ಯ ಮಾತು ಬಿಟ್ಟಿರಿ. ಪೈಲಟ್‌ಗಳಿಗೆ ಸೀಸದ ಮೇಲೆ ಪ್ರೀತಿ ಅಂತ ಯಾರೂ ತಿಳಿಯಬೇಡಿ. ಟ್ಯಾಂಕ್ ಪರೀಕ್ಷೆ ಮಾಡುವಾಗ ಕೈಗೆ ಚೆಲ್ಲಿಕೊಳ್ಳುವವರು ನಾವೇ. ನಾನು ಹಾರಿಸುವ ಸೆಸ್ನಾ 172 ಯುಎಲ್94ರಲ್ಲಿ ಆರಾಮಾಗಿ ಓಡುತ್ತದೆ. ಮೂರರಲ್ಲಿ ಸುಮಾರು ಎರಡು ಪಾಲು ವಿಮಾನಗಳಿಗೆ ಅದು ಸಾಕು. ಆದರೆ ಸಿರಸ್ ಎಸ್‌ಆರ್22 ಥರದ ಜೋರು ಎಂಜಿನ್‌ಗೆ 100 ಆಕ್ಟೇನ್ ಬೇಕೇ ಬೇಕು. ಇಲ್ಲದಿದ್ದರೆ ಎಂಜಿನ್ ಒಳಗೆ ಬಡಿತ ಶುರುವಾಗುತ್ತದೆ, ಆಕಾಶದಲ್ಲಿ ಅದು ಆಗಬಾರದು. ಅಂಥವು ಮೂರರಲ್ಲಿ ಒಂದು ಪಾಲು ಇದ್ದರೂ ಒಟ್ಟು ಇಂಧನದಲ್ಲಿ ನೂರಕ್ಕೆ ಸುಮಾರು 70 ಭಾಗ ಕುಡಿಯುವುದು ಅವೇ. ಸಮಸ್ಯೆ ಇರುವುದೇ ಅಲ್ಲಿ.

ಜಿ100ಯುಎಲ್ ಎಂಬ ಸೀಸವಿಲ್ಲದ 100 ಆಕ್ಟೇನ್ ಇಂಧನಕ್ಕೆ ಎಫ್‌ಎಎ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2024ರ ಅಕ್ಟೋಬರ್ ಕೊನೆಯಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ನಮ್ಮ ರೀಡ್-ಹಿಲ್‌ವ್ಯೂನಲ್ಲೇ. ಇಡೀ ದೇಶಕ್ಕೆ ಮೊದಲು ಈ ಪುಟ್ಟ ನಿಲ್ದಾಣ! ಆಮೇಲೆ ಬಣ್ಣ ಕಿತ್ತುಬರುತ್ತದೆ, ಟ್ಯಾಂಕಿನ ಸೀಲಂಟ್ ಹಾಳಾಗುತ್ತದೆ ಎಂದು ಕೆಲವು ಮಾಲೀಕರು ದೂರು ಕೊಟ್ಟರು. ಸಿರಸ್ ಕಂಪನಿಯಂತೂ ನಮ್ಮ ವಿಮಾನಕ್ಕೆ ಇದನ್ನು ನಾವು ಒಪ್ಪಿಲ್ಲ ಎಂದು ಮೊದಲೇ ಹೇಳಿತ್ತು. ತಯಾರಿಸುವವರು ಅದನ್ನು ಒಪ್ಪುವುದಿಲ್ಲ. ಜಗಳ ದೊಡ್ಡದು, ಇಲ್ಲಿ ಬಿಡಿಸುವಂಥದ್ದಲ್ಲ.

ಕಾಗದಪತ್ರ
ಸರಿ. ಅದಕ್ಕೆ ಸೇರಿಸಿ: ಇಪಿಎ 2023ರ ಅಕ್ಟೋಬರ್‌ನಲ್ಲಿ, ವಿಮಾನದ ಸೀಸದ ಹೊಗೆ ಜನರ ಆರೋಗ್ಯಕ್ಕೆ ಅಪಾಯ ಎಂದು ಅಧಿಕೃತವಾಗಿ ಹೇಳಿತು. 2024ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು, 2031ರ ಜನವರಿ 1ರಿಂದ ರಾಜ್ಯದಲ್ಲೆಲ್ಲೂ ಸೀಸದ ವಿಮಾನ ಇಂಧನ ಮಾರುವಂತಿಲ್ಲ. ಆದ್ದರಿಂದ ಇಂಧನದ ಜಗಳ ಬೇರೆ, ನಿಲ್ದಾಣ ಇರಬೇಕಾ ಬೇಡವಾ ಎಂಬ ಜಗಳ ಬೇರೆ. ಸೀಸ ಹೋದ ಮೇಲೂ ನಿಲ್ದಾಣ ಬೇಡ ಅನ್ನುವವರು ಇರುತ್ತಾರೆ. ಆ 180 ಎಕರೆಯಲ್ಲಿ ಮನೆ ಕಟ್ಟಬಹುದು ಅನ್ನುತ್ತಾರೆ. ಈ ಊರಲ್ಲಿ ಬಾಡಿಗೆ ಕಟ್ಟುವವರು ಯಾರಿಗೂ ಆ ಆಸೆ ತಪ್ಪು ಅನ್ನಿಸುವುದಿಲ್ಲ.

ಜಕ್ಕೂರುಹುಡುಗ
ಬೆಂಗಳೂರಿನಿಂದ ಓದುತ್ತಿದ್ದೇನೆ. ನಮ್ಮ ಜಕ್ಕೂರು ನೆನಪಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲೂ ಹಾಗೇ, ಇನ್ನೂರು ಎಕರೆಗೂ ಜಾಸ್ತಿ ಜಾಗ, ಸುತ್ತ ಅಪಾರ್ಟ್‌ಮೆಂಟು, ಒಂದು ಕಡೆ ಏರ್‌ಪೋರ್ಟ್ ರಸ್ತೆ. ಸರ್ಕಾರಿ ಫ್ಲೈಯಿಂಗ್ ಸ್ಕೂಲ್ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶುರುವಾದದ್ದು. ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಹೆಲಿಕಾಪ್ಟರ್‌ಗಳು ಹಾರಿದ್ದೂ ಇಲ್ಲಿಂದಲೇ.

ಆದರೆ ನಮ್ಮಲ್ಲಿ ಜಗಳ ಉಲ್ಟಾ. ವಿಮಾನದಿಂದ ಊರಿಗೆ ತೊಂದರೆ ಅಂತ ಯಾರೂ ಹೇಳುವುದಿಲ್ಲ, ಊರಿನಿಂದ ವಿಮಾನಕ್ಕೆ ತೊಂದರೆ. ಹೆಬ್ಬಾಳದಿಂದ ಮೇಲೆ ಎಲಿವೇಟೆಡ್ ರಸ್ತೆ ಕಟ್ಟಿದಾಗ ಅದು ರನ್‌ವೇ ತುದಿಯಲ್ಲೇ ಎದ್ದು ನಿಂತಿತು. ಅಷ್ಟು ಎತ್ತರದ ರಸ್ತೆ, ಅದರ ಮೇಲೆ ಲಾರಿ, ದೀಪದ ಕಂಬ. ಅದನ್ನೆಲ್ಲ ದಾಟಿ ಇಳಿಯಬೇಕು ಅಂದರೆ ರನ್‌ವೇಯ ಆ ತುದಿ ಉಪಯೋಗಕ್ಕೆ ಬರುವುದಿಲ್ಲ. ಚಿಕ್ಕ ರನ್‌ವೇ ಇನ್ನೂ ಚಿಕ್ಕದಾಯಿತು.

ಶಬ್ದದ ಬಗ್ಗೆ ಇಲ್ಲಿ ಹೇಳಿದರೆ ನಗುತ್ತಾರೆ. ಹಾರ್ನ್ ಶಬ್ದದಲ್ಲಿ ಸೆಸ್ನಾ ಯಾರಿಗೆ ಕೇಳಬೇಕು?

ಪೂರ್ವಬೆಟ್ಟ
ಸೀಸದ ಬಗ್ಗೆ ಅಲ್ಲಿ ಯಾರಾದರೂ ಕೇಳಿದ್ದಾರಾ?

ಜಕ್ಕೂರುಹುಡುಗ
ನನ್ನ ಕಿವಿಗೆ ಬಿದ್ದಿಲ್ಲ ಅಕ್ಕ. ಭಾರತದಲ್ಲೂ ಇದೇ 100 ಲೋ ಲೆಡ್. ಮೊದಲು ಹೊರಗಿನಿಂದ ತರಿಸುತ್ತಿದ್ದರು, 2022ರಲ್ಲಿ ಇಂಡಿಯನ್ ಆಯಿಲ್ ವಡೋದರದಲ್ಲೇ ತಯಾರಿಸಲು ಶುರು ಮಾಡಿತು. ಸ್ವದೇಶಿ ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಅದರೊಳಗೆ ಸೀಸ ಇದೆ ಅಂತ ನಾನು ಓದಿದ ಸುದ್ದಿಯಲ್ಲಿ ಒಂದು ಸಾಲೂ ಇರಲಿಲ್ಲ. ಒಂದು ಮಾತು, ಜಕ್ಕೂರಲ್ಲಿ ಹಾರಾಟ ನಿಮ್ಮಲ್ಲಿನಷ್ಟು ಇಲ್ಲವೇ ಇಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಸುಮ್ನೆಓದೋನು
ಬೆಂಗಳೂರಿಗೆ ಸೀಸ ಹೊಸದೂ ಅಲ್ಲ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತ್ತು. ಅರ್ಧದಷ್ಟು ಮಕ್ಕಳಲ್ಲಿ 10 ಮೈಕ್ರೋಗ್ರಾಂ ದಾಟಿತ್ತು. ನಾವು ಈ 0.4ರ ಬಗ್ಗೆ ಕೂತು ಮಾತಾಡುತ್ತಿದ್ದೇವೆ, ನಮ್ಮ ತಲೆಮಾರು ಉಸಿರಾಡಿದ್ದು ಪೂರ್ತಿ ಸೀಸದ ಪೆಟ್ರೋಲ್ ಹೊಗೆ.

ಪೂರ್ವಬೆಟ್ಟ
ಅದಕ್ಕೇ ಅಲ್ವಾ ತೆಗೆದದ್ದು? ನಾವು ಉಸಿರಾಡಿದೆವು ಅಂತ ಮಕ್ಕಳೂ ಉಸಿರಾಡಬೇಕಾ!

ನಿಂಬೆಗಿಡ ಅವರೇ, ನನ್ನ ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರು ಮೊದಲು ಕೇಳಿದ್ದು ಏರ್‌ಪೋರ್ಟ್ ಬಗ್ಗೆ ಅಲ್ಲವೇ ಅಲ್ಲ. ಕಾಡಿಗೆ ಹಚ್ಚುತ್ತೀರಾ, ಊರಿನಿಂದ ಕುಂಕುಮ, ಬಿಡಿ ಅರಿಶಿನ ಪುಡಿ ತರುತ್ತೀರಾ, ಆಯುರ್ವೇದದ ಮಾತ್ರೆ ಕೊಡುತ್ತೀರಾ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡುತ್ತೀರಾ ಅಂತ ಕೇಳಿದರು. ಅವುಗಳಲ್ಲಿ ಸೀಸ ಇರಬಹುದಂತೆ. ಆಮೇಲೆ ಮನೆ ಯಾವ ಇಸವಿಯದು ಅಂತ ಕೇಳಿದರು, 1978ಕ್ಕಿಂತ ಹಿಂದಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದು ಅಂತ. ನಿಮ್ಮದು ಯಾವ ಇಸವಿಯ ಮನೆ?

ನಿಂಬೆಗಿಡ
1974ರದು. ಇದನ್ನು ಯಾರೂ ಹೇಳಲೇ ಇಲ್ಲ. ಇಲ್ಲ, ಕಾಗದದಲ್ಲಿ ಇತ್ತು, ಇನ್ನೊಂದು ಫಾರ್ಮ್. ಅದನ್ನೂ ಏಜೆಂಟ್ "ಎಲ್ಲರಿಗೂ ಕೊಡೋದು" ಅಂದಿದ್ದರು.

ರೆಕ್ಕೆಪುಕ್ಕ
ಹಾಗಾದರೆ ಮೊದಲು ಕಿಟಕಿ ಚೌಕಟ್ಟಿನ ಬಣ್ಣ ಪರೀಕ್ಷೆ ಮಾಡಿಸಿ ಸರ್, ಆಮೇಲೆ ನನ್ನನ್ನು ಬೈಯಿರಿ.

ಇನ್ನೊಂದು ಮಾತು ಹೇಳಲೇಬೇಕು. ಈ ನಿಲ್ದಾಣ 1939ರಿಂದ ಇದೆ. ರೀಡ್ ಎಂಬ ಅಣ್ಣತಮ್ಮಂದಿರು ಶುರು ಮಾಡಿದ್ದು, 1961ರಲ್ಲಿ ಕೌಂಟಿ ಕೊಂಡುಕೊಂಡಿತು. ಆಗ ಸುತ್ತ ಪ್ರೂನ್, ಏಪ್ರಿಕಾಟ್ ತೋಟ. ಮಾಲ್, ಮನೆ ಎಲ್ಲ ಆಮೇಲೆ ಬಂದವು. ನಿಲ್ದಾಣ ಇದೆ ಅಂತ ಗೊತ್ತಿದ್ದೂ ಪಕ್ಕದಲ್ಲಿ ಮನೆ ಕಟ್ಟಲು ಒಪ್ಪಿಗೆ ಕೊಟ್ಟವರು ಯಾರು?

ಪೂರ್ವಬೆಟ್ಟ
ಇದನ್ನು ಪೈಲಟ್‌ಗಳೆಲ್ಲ ಹೇಳುತ್ತಾರೆ, ನನಗೆ ಸಿಟ್ಟು ಬರುವುದೇ ಇಲ್ಲಿ. ಒಪ್ಪಿಗೆ ಕೊಟ್ಟವರು ಇಲ್ಲಿ ವಾಸ ಮಾಡಲಿಲ್ಲ. ಇಲ್ಲಿ ಬಂದು ಸೇರಿದವರು ಮೆಕ್ಸಿಕೋದವರು, ವಿಯೆಟ್ನಾಮಿನವರು, ಫಿಲಿಪೀನ್ಸಿನವರು, ಈಗ ನಾವು. ಬೇರೆ ಕಡೆ ಮನೆ ಕೈಗೆಟುಕದ ಕಾರಣಕ್ಕೆ ಬಂದವರು. ಮೊದಲು ಬಂದದ್ದು ಯಾರು ಅನ್ನುವುದು ರೈಲಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಆಗಬಾರದು. ಐವತ್ತು ಸಾವಿರ ಜನ ಒಂದೂವರೆ ಮೈಲಿ ಒಳಗೆ ಇದ್ದಾರೆ.

ಕಾಗದಪತ್ರ
ಒಪ್ಪಿಗೆ ಕೊಡುವವರಿಗೆ ಲಗಾಮು ಹಾಕಲೆಂದೇ 1967ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ನಿಲ್ದಾಣ ಇರುವ ಕೌಂಟಿಯಲ್ಲಿ ಸುತ್ತಲಿನ ಜಾಗದ ಬಳಕೆ ನೋಡಿಕೊಳ್ಳಲು ಒಂದು ಆಯೋಗ. ರನ್‌ವೇ ತುದಿಯಲ್ಲಿ ಶಾಲೆ ಬೇಡ, ಜನ ಗುಂಪು ಸೇರುವ ಕಟ್ಟಡ ಬೇಡ, ಇಂತಿಷ್ಟೇ ಎತ್ತರ, ಹೀಗೆ ಹೇಳುತ್ತದೆ. ಆದರೆ ನಗರ ಸಭೆ ಮೂರರಲ್ಲಿ ಎರಡು ಪಾಲು ಮತದಿಂದ ಅದನ್ನು ತಳ್ಳಿಹಾಕಬಹುದು. ಹಲ್ಲಿದೆ, ಕಚ್ಚುವುದು ಕಮ್ಮಿ. ನಿಂಬೆಗಿಡ ಅವರಿಗೆ ಸಿಕ್ಕ ನೋಟಿಸ್ ಕೂಡ ರಾಜ್ಯದ ಕಾನೂನಿನಿಂದ ಬಂದದ್ದೇ, ನಿಲ್ದಾಣದ ಪ್ರಭಾವ ವಲಯದ ಒಳಗಿನ ಮನೆಗೆ ಮಾತ್ರ ಕೊಡುತ್ತಾರೆ. ಕುಪರ್ಟಿನೋದಲ್ಲಿ ಮನೆ ನೋಡಿದ್ದರೆ ಸಿಗುತ್ತಿರಲಿಲ್ಲ.

ಜನ ಸಾಮಾನ್ಯವಾಗಿ ದಾರಿ ತಪ್ಪುವುದು ಎಲ್ಲಿ ಅಂದರೆ, ಶಬ್ದದ ದೂರು ಹಿಡಿದು ಕೌಂಟಿಗೆ ಹೋಗುತ್ತಾರೆ. ನೆಲ ಕೌಂಟಿಯದು, ಆಕಾಶ ಎಫ್‌ಎಎದ್ದು. ಯಾವ ದಾರಿಯಲ್ಲಿ ಹಾರಬೇಕು, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತಿಗೆ ಎಂದು ಕೌಂಟಿ ಆಜ್ಞೆ ಮಾಡುವಂತಿಲ್ಲ. ದಯವಿಟ್ಟು ಈ ಶಾಲೆ ಮೇಲೆ ತಿರುಗಬೇಡಿ, ರಾತ್ರಿ ಸುತ್ತು ಬೇಡ ಎಂದು ಕೇಳಿಕೊಳ್ಳಬಹುದು. ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಪಾಲಿಸುತ್ತಾರೆ. ಹೊರಗಿನಿಂದ ಬಂದವರಿಗೆ ಅದು ಗೊತ್ತೇ ಇರುವುದಿಲ್ಲ.

ಸುಮ್ನೆಓದೋನು
ನಮ್ಮ ತೆರಿಗೆ ದುಡ್ಡಿನಲ್ಲಿ ಶ್ರೀಮಂತರ ಶೋಕಿ. ಒಂದೇ ಸಾಲಲ್ಲಿ ಹೇಳಬಹುದಿತ್ತು.

ರೆಕ್ಕೆಪುಕ್ಕ
ತಪ್ಪು ಸರ್. ನಿಲ್ದಾಣ ನಡೆಯುವುದು ಹ್ಯಾಂಗರ್ (ವಿಮಾನ ಇಡುವ ಶೆಡ್) ಬಾಡಿಗೆ, ವಿಮಾನ ಕಟ್ಟಿಹಾಕುವ ಜಾಗದ ಬಾಡಿಗೆ, ಇಂಧನದ ಮೇಲಿನ ಶುಲ್ಕ ಇವುಗಳಿಂದ. ಅನುದಾನದ ದುಡ್ಡು ವಿಮಾನ ಟಿಕೆಟ್ ತೆರಿಗೆ, ಇಂಧನ ತೆರಿಗೆಯಿಂದ ತುಂಬುವ ನಿಧಿಯದು. ಅದಲ್ಲದೆ ವಿಮಾನ ಇಟ್ಟುಕೊಂಡವರು ವರ್ಷ ವರ್ಷ ಕೌಂಟಿಗೆ ಆಸ್ತಿ ತೆರಿಗೆ ಕಟ್ಟುತ್ತಾರೆ. ನಾನು ಕಟ್ಟುವುದಿಲ್ಲ, ಏಕೆಂದರೆ ನನ್ನ ಹತ್ತಿರ ವಿಮಾನ ಇಲ್ಲ. ಕ್ಲಬ್ಬಿನದ್ದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಳ್ಳುವವನು.

1989ರ ಭೂಕಂಪದ ಕಥೆ ಹಳಬರನ್ನು ಕೇಳಿ. ಹೈವೇ 17 ಮುಚ್ಚಿತ್ತು, ವಾಟ್ಸನ್‌ವಿಲ್ ಊರು ಒಂಟಿಯಾಗಿತ್ತು. ಊಟ, ನೀರು, ಮಕ್ಕಳ ಹಾಲಿನ ಪುಡಿ ಎಲ್ಲ ಹೋದದ್ದು ಇಂಥ ಚಿಕ್ಕ ವಿಮಾನಗಳಲ್ಲಿ.

ಕಾಗದಪತ್ರ
ಅದು ನಿಜ, ಅದಕ್ಕೇ ನಾನೂ ಪೂರ್ತಿ ಮುಚ್ಚಿ ಅನ್ನುವವನಲ್ಲ. ಆದರೆ ವಿಮಾನ ಎಲ್ಲ ಸ್ಯಾನ್ ಮಾರ್ಟಿನ್‌ಗೆ ಕಳಿಸಿ ಅನ್ನುವ ಸುಲಭದ ಉತ್ತರವನ್ನೂ ನಂಬುವುದಿಲ್ಲ. ಅಲ್ಲೂ ಜನ ಇದ್ದಾರೆ, ಅವರ ಮಕ್ಕಳಿಗೂ ಶ್ವಾಸಕೋಶ ಇದೆ. ಸೀಸ ಹೋದರೂ ಶಬ್ದ ಹೋಗುವುದಿಲ್ಲ ಎಂಬುದಕ್ಕೆ ಸ್ಯಾನ್ ಕಾರ್ಲೋಸ್ ನಿಲ್ದಾಣ ನೋಡಿ. ಹತ್ತು ಹನ್ನೆರಡು ವರ್ಷದ ಹಿಂದೆ ಸರ್ಫ್ ಏರ್ ಕಂಪನಿಯ ಟರ್ಬೋಪ್ರಾಪ್ ವಿಮಾನಗಳ ವಿರುದ್ಧ ಆಥರ್‌ಟನ್, ಸನಿವೇಲ್ ಜನ ಎದ್ದರು. ಆ ವಿಮಾನಗಳ ಇಂಧನದಲ್ಲಿ ಸೀಸವೇ ಇಲ್ಲ. ಒಂದು ವ್ಯತ್ಯಾಸ, ಆಥರ್‌ಟನ್ ಶ್ರೀಮಂತರ ಊರು, ಅವರ ದೂರು ಪತ್ರಿಕೆಗೆ ಬೇಗ ತಲುಪಿತು. ಈಸ್ಟ್ ಸೈಡ್‌ನವರು, ಅಂದರೆ ರೀಡ್-ಹಿಲ್‌ವ್ಯೂ ಸುತ್ತಲಿನವರು, ಎಷ್ಟೋ ವರ್ಷ ಕೂಗಬೇಕಾಯಿತು.

ನಿಂಬೆಗಿಡ
ಇಷ್ಟು ವಿಷಯ ಸಿಗುತ್ತದೆ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಈಗ ನೇರ ಪ್ರಶ್ನೆ. ನೀವಾಗಿದ್ದರೆ ತಗೊಳ್ಳುತ್ತಿದ್ದಿರಾ?

ರೆಕ್ಕೆಪುಕ್ಕ
ತಗೊಳ್ಳುತ್ತಿದ್ದೆ. ನಡೆದುಕೊಂಡು ಹ್ಯಾಂಗರಿಗೆ ಹೋಗಬಹುದು!

ಪೂರ್ವಬೆಟ್ಟ
ಈಗ ಹುಡುಕುತ್ತಿದ್ದರೆ, ಚಿಕ್ಕ ಮಗು ಇದ್ದರೆ, ನಾನು ಅರ್ಧ ಮೈಲಿ ಒಳಗೆ ತಗೊಳ್ಳುತ್ತಿರಲಿಲ್ಲ. ಒಂದು ಮೈಲಿ ಆಚೆ ಇದ್ದು, ಬಣ್ಣ ಪರೀಕ್ಷೆ ಸರಿ ಬಂದರೆ ತಗೊಳ್ಳುತ್ತಿದ್ದೆ. ನನ್ನ ಮಕ್ಕಳ ರಿಪೋರ್ಟ್ ಚೆನ್ನಾಗೇ ಬಂತು, ಅದನ್ನೂ ಹೇಳಬೇಕು. ನಾನಂತೂ ಈ ಮನೆ ಬಿಟ್ಟು ಹೋಗುವುದಿಲ್ಲ. ಬೆಟ್ಟ ಕಾಣುತ್ತದೆ, ಅಕ್ಕಪಕ್ಕದವರು ಒಳ್ಳೆಯವರು.

ಸುಮ್ನೆಓದೋನು
2031ಕ್ಕೆ ಮುಚ್ಚುತ್ತದೆ, ಬೆಲೆ ಏರುತ್ತದೆ ಅಂತ ಲೆಕ್ಕ ಹಾಕಿ ಮಾತ್ರ ತಗೊಳ್ಳಬೇಡಿ. ಮುಚ್ಚಿದರೆ ಅಲ್ಲಿ ಸಾವಿರಾರು ಮನೆ ಬಂದು ಕ್ಯಾಪಿಟಲ್ ಎಕ್ಸ್‌ಪ್ರೆಸ್‌ವೇ ಇನ್ನೂ ಜಾಮ್ ಆಗಬಹುದು. ಆಗ ಸೆಸ್ನಾವೇ ವಾಸಿ ಅಂತೀರಿ.

ಕಾಗದಪತ್ರ
ಕೊಡುವ ಬೆಲೆಗೆ ನಿಲ್ದಾಣ ಇರುತ್ತದೆ ಎಂದೇ ಲೆಕ್ಕ ಹಾಕಿ. ಶನಿವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಆ ಹಿತ್ತಲಲ್ಲಿ ಕೂರಲು ಮಾರುವವರನ್ನು ಕೇಳಿ. ಬಿಡದಿದ್ದರೆ ಬೀದಿಯಲ್ಲೇ ಕಾರು ನಿಲ್ಲಿಸಿ ಕಿಟಕಿ ಇಳಿಸಿ ಕೂರಿ. ಹಾರಾಟ ತೋರಿಸುವ ಆ್ಯಪ್ ತೆರೆದಿಡಿ, ಯಾವ ವಿಮಾನ ಎಷ್ಟು ಸಲ ಬಂತು, ಎಷ್ಟು ಎತ್ತರದಲ್ಲಿ ಬಂತು ಅಂತ ಎಲ್ಲ ಕಾಣುತ್ತದೆ. ಅಪ್ಪ ಅಮ್ಮ ಈಗ ಇಲ್ಲೇ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಹಗಲೆಲ್ಲ ಮನೆಯಲ್ಲಿ ಇರುವವರು ಅವರೇ.

ನಿಂಬೆಗಿಡ
ಅಪ್ಪ ಅಮ್ಮ ಬರುವುದು ಮುಂದಿನ ತಿಂಗಳು. ಈ ಶನಿವಾರ ನಾವಿಬ್ಬರೇ ಮಗಳನ್ನು ಕರೆದುಕೊಂಡು ಹೋಗುತ್ತೇವೆ. ಬಣ್ಣದ ಪರೀಕ್ಷೆಗೆ ಒಬ್ಬರಿಗೆ ಫೋನ್ ಮಾಡಿದ್ದೇನೆ, ಗುರುವಾರ ಬರುತ್ತಾರಂತೆ. ಹಿತ್ತಲ ಮಣ್ಣನ್ನೂ ಪರೀಕ್ಷೆ ಮಾಡುತ್ತಾರಾ ಅಂತ ಕೇಳಬೇಕು.

ಪೂರ್ವಬೆಟ್ಟ
ಮಾಡುತ್ತಾರೆ, ಬೇರೆ ದುಡ್ಡು ತಗೊಳ್ಳುತ್ತಾರೆ. ಮಗಳು ಆಡುವ ಜಾಗದ ಮಣ್ಣು ಕೊಡಿ, ನಿಂಬೆ ಗಿಡದ ಬುಡದ್ದು ಒಂದು ಬೇರೆಯಾಗಿ ಕೊಡಿ. ಶನಿವಾರ ಬಂದಾಗ ಮೆಸೇಜ್ ಮಾಡಿ, ಕಾಫಿಗೆ ಬನ್ನಿ. ನಮ್ಮ ಮನೆ ಹಿತ್ತಲಲ್ಲೇ ಕೂತು ಕೇಳಬಹುದು.

ರೆಕ್ಕೆಪುಕ್ಕ
ಶನಿವಾರ ಹತ್ತೂವರೆಗೆ ನನಗೆ ವಿಮಾನ ಬುಕ್ ಆಗಿದೆ. ಬಲ ರನ್‌ವೇ ಕೊಟ್ಟರೆ ನಿಮ್ಮ ಮೇಲೇ ಬರುತ್ತೇನೆ, ಬೈದರೆ ಕೇಳಿಸುವುದಿಲ್ಲ.

ಪೂರ್ವಬೆಟ್ಟ
ಇಳಿದ ಮೇಲೆ ನೀವೂ ಬನ್ನಿ, ಆಗ ಕೇಳಿಸುತ್ತದೆ.